ಕೂಲಿ ಕೇಳಲಾರೆ, ತಂದೆಯೇ

ತಂದೆಯೇ, ನಮ್ಮ ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿಯನ್ನು 1171ರಲ್ಲಿ ಕಟ್ಟಿಸಿದಾಕೆ ಬಮ್ಮವೆ ನಾಯಕಿತಿ. ಕೊಟ್ಟದ್ದನ್ನು ಕಲ್ಲಿನಲ್ಲಿ ಕೊರೆಸಿಡುವ ಕಾಲ ಅದು. ನನ್ನ ಹೆಸರಿನಲ್ಲಿ ಒಂದು ಕಲ್ಲುಬೆಂಚೂ ಇಲ್ಲ. ಆದರೂ ಕಾಣಿಕೆಯ ರಸೀದಿಗಳನ್ನು ಮಡಿಸಿ ಸತ್ಯವೇದದೊಳಗೆ ಜೋಪಾನವಾಗಿಟ್ಟಿದ್ದೇನೆ, ನಾಳೆ ನಿನ್ನೆದುರು ಹಾಜರುಪಡಿಸಬೇಕಾದೀತೆಂಬ ಹಾಗೆ. ಅವು ಸಿಕ್ಕಿಕೊಂಡಿರುವುದು ಗಲಾತ್ಯದವರ ಪತ್ರಿಕೆಯ ನಡುವೆಯೇ. ನಗು ಬಂದರೆ ನಕ್ಕುಬಿಡು.

ಸುನ್ನತಿ ಮಾಡಿಸಿಕೊಂಡು ಧರ್ಮಶಾಸ್ತ್ರ ಪಾಲಿಸಿದರಷ್ಟೇ ನಿನಗೆ ಸಲ್ಲುತ್ತೇವೆ ಎಂದು ಗಲಾತ್ಯದಲ್ಲಿ ಕೆಲವರು ಹಟ ಹಿಡಿದಿದ್ದರು. ಪೌಲ ಸಿಟ್ಟಿನಿಂದಲೇ ಉತ್ತರ ಬರೆದ: ಕ್ರಿಸ್ತನನ್ನು ನಂಬಿದವನಿಗೆ ಆ ಗುರುತು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನಮ್ಮ ಸೀಮೆಯಲ್ಲಿ ಕೂತು ಆ ಪತ್ರ ಓದುವುದು ಕಷ್ಟ. 1784ರಲ್ಲಿ ಟಿಪ್ಪು ಕೆನರಾದ ಕಥೋಲಿಕರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ದಾರಿಯಲ್ಲೇ ಎಷ್ಟೋ ಮಂದಿ ಸತ್ತರು. ಗಂಡಸರಿಗೆ ಬಲವಂತದ ಸುನ್ನತಿಯಾಯಿತು. 1799ರಲ್ಲಿ ಕೋಟೆ ಬಿದ್ದ ಮೇಲೆ ಫ್ರಾನ್ಸಿನ ಗುರು ಅಬ್ಬೆ ದುಬಾಯ್ ಅಲ್ಲಿಗೆ ಬಂದರು, ಅಳಿದುಳಿದವರನ್ನು ಮತ್ತೆ ಸಭೆಗೆ ಸೇರಿಸಿಕೊಂಡರು. ಊರವರ ಹಾಗೇ ಉಟ್ಟು ಉಂಡು ಬದುಕಿದವರು, ಸಿಡುಬಿಗೆ ದೇವಿ ಹಾಕಿಸಲು ಓಡಾಡಿದವರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಈಗಲೂ ಅವರ ಹೆಸರು ಹೇಳುವ ಚರ್ಚಿದೆ. ಆದರೆ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಆ ಸೆರೆಯವರನ್ನು ಅವರು ಬಿಡಲಿಲ್ಲ. ಅಷ್ಟು ಸಾವಿರ ಜನರಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟವನು ಒಬ್ಬನೂ ಇಲ್ಲ, ನಾಚಿಕೆಗೇಡು ಎಂದರು.

ತಂದೆಯೇ, ಆ ಮಾತಿಗೆ ನನ್ನ ತಕರಾರಿದೆ. ಹಸಿದ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಘಟ್ಟ ಹತ್ತಿದವಳ ಹತ್ತಿರ ರಕ್ತಸಾಕ್ಷಿಯ ಧೈರ್ಯ ಎಲ್ಲಿ ಎಂದು ಕೇಳಬಹುದೇ? ಧೈರ್ಯ ತೂಗಿ ಕೃಪೆ ಅಳೆದುಕೊಡುವುದಾದರೆ, ಶಾಸ್ತ್ರದ ಜಾಗದಲ್ಲಿ ಧೈರ್ಯ ಬಂದು ಕೂತಿತು, ಅಷ್ಟೇ. ನಿನ್ನ ಮಗನನ್ನು ಅರಿಯೆನೆಂದು ಮೂರು ಸಲ ಹೇಳಿದ ಪೇತ್ರನಿಗೇ ಕುರಿ ಮೇಯಿಸುವ ಹೊಣೆ ಸಿಗಲಿಲ್ಲವೇ? ಅವನನ್ನು ಮೊದಲು ಹೆದರಿಸಿದ್ದು ಸುಲ್ತಾನನ ದಂಡಲ್ಲ, ಅಂಗಳದಲ್ಲಿ ನಿಂತ ಒಬ್ಬ ದಾಸಿ.

ಈ ವ್ಯಾಜ್ಯ ನಮ್ಮವರೊಬ್ಬರದ್ದೇ ಅಲ್ಲ. ಮೇಲುಕೋಟೆಯ ಬೆಟ್ಟವೂ ಶರಣಾಗತಿಯ ಮಾತು ಕೇಳಿಸಿಕೊಂಡದ್ದೇ. ಶರಣು ಬರುವವನ ಕಡೆಯಿಂದ ಏನಾದರೂ ಬೇಕೇ ಬೇಡವೇ ಎಂದು ಶ್ರೀವೈಷ್ಣವರು ಎರಡು ಪಂಗಡವಾಗಿ ವಾದಿಸಿದ್ದಾರೆ. ಅತ್ತ ಲೂಥರನ ಕಾಲದ ಜಗಳದ ಬಗ್ಗೆ ಲೂಥರನ್ ಸಭೆಗಳೂ ಕಥೋಲಿಕ ಸಭೆಯೂ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದು 1999ರ ಅಕ್ಟೋಬರ್ 31ರಂದು, ಆಗ್ಸ್‌ಬರ್ಗ್‌ನಲ್ಲಿ: ನೀನು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ, ನಮ್ಮ ಯೋಗ್ಯತೆ ನೋಡಿ ಅಲ್ಲ. ಶ್ರೀರಂಗಪಟ್ಟಣದ ಸೆರೆ ಬಿಟ್ಟು ಆಗಲೇ ಇನ್ನೂರು ವರ್ಷವಾಗಿತ್ತು.

ಈಗ ನನ್ನ ಭಯ ಹೇಳಿಬಿಡುತ್ತೇನೆ. ಪುಣ್ಯ ಬಿಟ್ಟೆ, ನಂಬಿಕೆ ಹಿಡಿದೆ ಎಂದು ಆ ಹಿಡಿತವನ್ನೇ ನಾಳೆ ಮೆರೆಸಿಯೇನು. ಅಕ್ಕಪಕ್ಕದವರಿಗಿಂತ ನಾನು ಗಟ್ಟಿಯಾಗಿ ನಂಬಿದವನು ಎಂಬ ಜಂಬ ಶುರುವಾದರೆ ಅದಕ್ಕೆ ಮದ್ದೇ ಇಲ್ಲ. ನಂಬಿಕೆಯನ್ನೂ ನೀನೇ ಕೊಡು. ಕೊಟ್ಟದ್ದು ನೀನೆಂಬುದು ಮರೆಯದಿರಲಿ. ನೆರೆಯವರಿಗೆ ಮಾಡಬೇಕಾದ್ದನ್ನು ಮಾಡುತ್ತೇನೆ, ಅದಕ್ಕೆ ಪ್ರತಿಫಲ ಬರೆದುಕೊಳ್ಳಬೇಡ.

ಆ ಸೆರೆಯವರನ್ನು, ಮರಳಿ ಬಂದವರನ್ನೂ ಬರಲಾಗದೆ ಹೋದವರನ್ನೂ, ನಿನ್ನ ಪಂಕ್ತಿಯಲ್ಲಿ ಕೂರಿಸು. ನನ್ನ ಎಲೆ ಅವರ ಪಕ್ಕದಲ್ಲೇ ಇರಲಿ. ದುಬಾಯ್ ಸ್ವಾಮಿಗಳಿಗೂ ಅಲ್ಲೇ ಎಲೆ ಹಾಕಿಸು, ಅವರ ಇಪ್ಪತ್ತು ಮೂವತ್ತು ವರ್ಷದ ದುಡಿಮೆಗೆ ಕೂಲಿಯೆಂದು ಅಲ್ಲ. ಆಮೆನ್.