ಆಸ್ಪತ್ರೆಯ ಬಾಗಿಲ ಬಳಿಯ ನೆಲವು ಯಾರದು?



ಹೋದ ಬೇಸಿಗೆಯಲ್ಲಿ ನಮ್ಮ ಸಭೆಯವರಾದ ಒಬ್ಬ ವೃದ್ಧ ತಾಯಿಯನ್ನು ಕ್ಯಾನ್ಸರ್ ರೋಗದ ಚಿಕಿತ್ಸೆಗೋಸ್ಕರ ಬಾಡಿಗೆ ಕಾರಿನಲ್ಲಿ ಮೈಸೂರು ನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬಾಗಿಲ ಮುಂದಣ ನೆರಳಿನಲ್ಲೆಲ್ಲಾ ವಾಹನಗಳು ಸಾಲಾಗಿ ನಿಂತಿದ್ದವು. ನಮಗೆ ದೊರಕಿದ್ದು ಕಾಂಪೌಂಡಿನ ಕಟ್ಟಕಡೆಯ ಮೂಲೆ. ಅಲ್ಲಿ ಚೀಟಿ ಹರಿಯುವ ಹುಡುಗನು 20 ರೂಪಾಯಿ ಕೇಳಿದನು. ಆ ತಾಯಿ ದಾರಿಯಲ್ಲಿ ಎರಡು ಸಾರಿ ಕುಳಿತು, ಒಂದು ಸಾರಿ ವಾಂತಿಮಾಡಿ, ಬಾಗಿಲನ್ನು ಸೇರಿದರು. ನಾವು ಹುಡುಗನ ಮೇಲೆ ಸಿಟ್ಟಾದೆವು. ಅವನಾದರೋ ಚೀಟಿಯ ಪುಸ್ತಕವನ್ನು ತೋರಿಸಿ, ಸಾಯಂಕಾಲ ಗುತ್ತಿಗೆದಾರನಿಗೆ ಲೆಕ್ಕ ಒಪ್ಪಿಸಬೇಕೆಂದೂ ಕಡಮೆಯಾದದ್ದನ್ನು ತನ್ನ ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆಂದೂ ಹೇಳಿದನು. ಆ ಬಳಿಕ ಒಂದು ಪ್ರಶ್ನೆಯು ನಮ್ಮನ್ನು ಬಿಟ್ಟಿಲ್ಲ. ಆಸ್ಪತ್ರೆಯ ಬಾಗಿಲಿಗೆ ಹತ್ತಿರವಾದ ನೆಲವು ನ್ಯಾಯವಾಗಿ ಯಾರಿಗೆ ಸಲ್ಲತಕ್ಕದ್ದು?

ಇದು ಅಲ್ಪ ಸಂಗತಿಯೆಂದು ಕೆಲವರು ಅಂದಾರು. ಆದರೆ ಈ ರೋಗದ ಸ್ವಭಾವವನ್ನು ನೋಡಿರಿ. ಜ್ವರ ಬಂದವನು ಒಂದೆರಡು ಸಾರಿ ವೈದ್ಯರನ್ನು ಕಂಡರೆ ಸಾಕು. ವಿಕಿರಣ ಚಿಕಿತ್ಸೆಯನ್ನು ಹೊಂದುವ ಅನೇಕರು ವಾರಕ್ಕೆ 5 ದಿನಗಳಂತೆ ಐದಾರು ವಾರ ಹೋಗಿಬರಬೇಕಾಗುತ್ತದೆ; ಮೈಯ ಆರೋಗ್ಯವುಳ್ಳ ಭಾಗವು ನಡುನಡುವೆ ಚೇತರಿಸಿಕೊಳ್ಳಲೆಂದು ಚಿಕಿತ್ಸೆಯನ್ನು ಹೀಗೆ ಪಾಲುಮಾಡಿ ಕೊಡುತ್ತಾರೆ. ಕಿರಣವನ್ನು ಹಾಯಿಸುವದಕ್ಕೆ ಕೆಲವು ನಿಮಿಷಗಳೇ ಸಾಕು, ಪ್ರಯಾಣಕ್ಕೆ ಮಾತ್ರ ಇಡೀ ದಿನ. ಒಂದು ಸಾರಿಗೆ 20 ರೂಪಾಯಿಯೆಂದು ಎಣಿಸಿದರೂ 30 ಸಾರಿಗೆ 600 ರೂಪಾಯಿ ಆಯಿತು. ಕಾರುಳ್ಳವನು ಅದನ್ನು ಲೆಕ್ಕಿಸಲಿಕ್ಕಿಲ್ಲ. ನೆರೆಯವನ ಕಾರನ್ನು ಬೇಡಿ ತಂದ ಕೂಲಿಯವನಿಗೆ ಅದು ಮನೆಯ ಅಕ್ಕಿಬೇಳೆಯ ಹಣ.

ಬಸ್ಸು ಇರುವಾಗ ಕಾರು ಏತಕ್ಕೆ ಎಂದು ನಮ್ಮ ಹಿರಿಯರೊಬ್ಬರು ಕೇಳಿದರು. 2023ನೆಯ ಇಸವಿ ಜೂನ್ 11ರಿಂದ ನಮ್ಮ ರಾಜ್ಯದ ಸ್ತ್ರೀಯರು ಸಾಮಾನ್ಯ ಸರ್ಕಾರೀ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣಮಾಡುತ್ತಿರುವದು ನಿಜವೇ. ಅದು ದೊಡ್ಡ ಉಪಕಾರ. ಆದರೆ ಕೀಮೋ ಔಷಧಿಯನ್ನು ಹೊಂದಿದವರ ರಕ್ತದಲ್ಲಿ ಬಿಳಿಯ ಕಣಗಳು ಕಡಮೆಯಾಗಿ ಬೇರೆ ಸೋಂಕುಗಳು ಸುಲಭವಾಗಿ ತಗಲುವದರಿಂದ, ಜನಸಂದಣಿಯಿಂದ ದೂರವಿರಬೇಕೆಂದು ವೈದ್ಯರೇ ಎಚ್ಚರಿಸುತ್ತಾರೆ. ನಂಜನಗೂಡಿನಿಂದಲೋ ಹುಣಸೂರಿನಿಂದಲೋ ನಿಂತುಕೊಂಡು ಬರುವ ಬಸ್ಸು ಅಂಥವರಿಗೆ ತಕ್ಕದ್ದಲ್ಲ.

ಹಾಗಾದರೆ ಎಲ್ಲರಿಗೂ ಪುಕ್ಕಟೆಯಾಗಿ ಬಿಡಬಾರದೇ? ಇದಕ್ಕೆ ಬಲವಾದ ಆಕ್ಷೇಪವುಂಟು, ಅದನ್ನು ತಳ್ಳಿಬಿಡುವದು ಯಥಾರ್ಥತೆಯಲ್ಲ. ಜನರು ದೊಡ್ಡಾಸ್ಪತ್ರೆಯೆಂದು ಕರೆಯುವ ಕೃಷ್ಣರಾಜೇಂದ್ರ ಆಸ್ಪತ್ರೆಯನ್ನೇ ತೆಗೆದುಕೊಳ್ಳಿರಿ (ನಾವು ಹೋದದ್ದು ಬೇರೆ ಕಡೆಗೆ). ಅದಕ್ಕೂ ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆಗೂ ಹೆಚ್ಚು ದೂರವಿಲ್ಲ. ಅಂಥ ಕಡೆಯಲ್ಲಿ ಕಾವಲೂ ಕಟ್ಟಳೆಯೂ ಇಲ್ಲದೆ ನೆಲವನ್ನು ಬಿಟ್ಟರೆ, ಬಾಳೆಹಣ್ಣು ಕೊಳ್ಳಬಂದವನ ಬೈಕೇ ಮೊದಲು ಬಂದು ನಿಂತೀತು. ರೋಗಿಗೆ ಮೂಲೆಯೂ ಸಿಕ್ಕಲಿಕ್ಕಿಲ್ಲ. ಹೀಗಿರಲಾಗಿ ಒಂದು ಜರಡಿ ಬೇಕೇ ಬೇಕು. ಆದರೆ ಹಣವೆಂಬ ಜರಡಿಯು ಚೀಲವನ್ನು ನೋಡಿ ಸೋಸುತ್ತದೆ, ಅಗತ್ಯವನ್ನು ನೋಡುವದಿಲ್ಲ. ಆಸ್ಪತ್ರೆಯು ಕೊಟ್ಟ ಚಿಕಿತ್ಸೆಯ ಚೀಟಿಯೇ ಜರಡಿಯಾಗಲಿ ಎಂದು ನಾವು ಕೇಳುತ್ತೇವೆ. ಇದು ಹೊಸ ಮಾತಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಗೆ ಇಲ್ಲಿಂದ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ವೈದ್ಯರ ಪತ್ರದ ಮೇಲೆ ರೈಲ್ವೆಯವರು ದರದಲ್ಲಿ ವಿನಾಯಿತಿ ಕೊಡುತ್ತಾರೆ, ಸಂಗಡ ಹೋಗುವವನಿಗೂ ಕೊಡುತ್ತಾರೆ. ಇಂಗ್ಲೆಂಡಿನ ಸರ್ಕಾರವು ಆಸ್ಪತ್ರೆಗೆ ಪದೇಪದೇ ಬರಬೇಕಾದ ಹೊರರೋಗಿಗಳಿಂದ ವಾಹನ ನಿಲ್ಲಿಸಿದ್ದಕ್ಕೆ ಹಣ ತೆಗೆದುಕೊಳ್ಳಬಾರದೆಂದು 2019ರ ಡಿಸೆಂಬರಿನಲ್ಲಿ ಪ್ರಕಟಿಸಿತು. ರೈಲಿನಲ್ಲಿ ಒಪ್ಪಿಕೊಂಡ ನ್ಯಾಯವು ಆಸ್ಪತ್ರೆಯ ಗೇಟಿನಲ್ಲಿ ಏಕೆ ನಿಂತುಹೋಗಬೇಕು?

ಇದನ್ನು ದಾನವೆಂದು ಕರೆಯಬಾರದೆಂಬದೇ ನಮ್ಮ ಅಭಿಪ್ರಾಯ. ದಾನವಾದರೆ ರೋಗಿಯು ದಿನದಿನವೂ ಕೈಮುಗಿದು ತನ್ನ ಕಷ್ಟವನ್ನು ಹೇಳಿಕೊಳ್ಳಬೇಕಾಗುತ್ತದೆ. ಎದೆಯ ಗಂಟಿನ ಮಾತನ್ನು ಒಡಹುಟ್ಟಿದ ಅಕ್ಕನಿಗೂ ತಿಂಗಳುಗಟ್ಟಲೆ ಹೇಳದೆ ಮುಚ್ಚಿಟ್ಟ ಸ್ತ್ರೀಯರು ನಮ್ಮ ಹಳ್ಳಿಗಳಲ್ಲಿದ್ದಾರೆ. ಅಂಥವರು ಗೇಟಿನ ಹುಡುಗನ ಮುಂದೆ ಬಾಯಿಬಿಟ್ಟಾರೇ? ಸಲ್ಲತಕ್ಕ ಹಕ್ಕಾದರೆ ಚೀಟಿಯನ್ನು ತೋರಿಸಿ ಮಾತಿಲ್ಲದೆ ಒಳಗೆ ಹೋಗಬಹುದು.

ಬೇಥೆಸ್ದ ಕೊಳದ ಬಳಿಯಲ್ಲಿ ಬಿದ್ದಿದ್ದ, 38 ವರುಷದಿಂದ ರೋಗಿಯಾಗಿದ್ದವನ ದೂರನ್ನು ನೀವು ಬಲ್ಲಿರಿ. ನೀರು ಅವನಿಗೆ ಸಮೀಪವೇ ಇತ್ತು. ಅವನು ಹೋಗುವಷ್ಟರಲ್ಲಿ ಕಾಲುಳ್ಳ ಬೇರೊಬ್ಬನು ಇಳಿದುಬಿಡುತ್ತಿದ್ದನು. ಆ ಬೇರೊಬ್ಬನು ಯಾರೆಂದು ನಾವು ಬಹುಕಾಲ ವಿಚಾರಿಸಿರಲಿಲ್ಲ. ಈಗ ಹೇಳಲು ನಾಚಿಕೆಯಾಗುತ್ತದೆ: ಆ ತಾಯಿಯನ್ನು ಕರೆದೊಯ್ಯುವ ಮುಂಚಿನ ಆದಿತ್ಯವಾರವೇ ಆರಾಧನೆಯಾದ ಮೇಲೆ ನಾವು ಆರು ಮಂದಿ ಮೂರು ಬೈಕುಗಳ ಮೇಲೆ ಅದೇ ಆಸ್ಪತ್ರೆಗೆ ಮತ್ತೊಬ್ಬ ರೋಗಿಯನ್ನು ನೋಡಹೋಗಿದ್ದೆವು. ಹತ್ತು ನಿಮಿಷದ ಪ್ರಾರ್ಥನೆಯಲ್ಲವೇ ಎಂದು ಬೈಕುಗಳನ್ನು ಬಾಗಿಲ ಮುಂದಣ ನೆರಳಿನಲ್ಲೇ ನಿಲ್ಲಿಸಿದೆವು. ಹೊರಗೆ ಬಂದಾಗ ಒಂದು ತಾಸು ಆಗಿತ್ತು.

ಸಭೆಯ ಹಿರಿಯರು ಕೂಡಿ ಆ ಆಸ್ಪತ್ರೆಗೆ ಒಂದು ಬಿನ್ನಹವನ್ನು ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಎರಡನೆಯ ಸಾರಿ ಹೋದಾಗ ಡ್ರೈವರನಿಗೆ ಹೇಳಿ, ಆ ತಾಯಿಯನ್ನು ಮೊದಲು ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಇಳಿಸಿದೆವು, ಆಮೇಲೆ ಕಾರನ್ನು ಮೂಲೆಗೆ ಒಯ್ದೆವು. ಅದೇ ಹುಡುಗನು ಚೀಟಿ ಹರಿದನು, ನಾವು ಹಣ ಕೊಟ್ಟೆವು. ಮನೆಗೆ ಹಿಂತಿರುಗುವಾಗ ಆಕೆ, “ಎಷ್ಟು ತಕ್ಕೊಂಡ್ರಪ್ಪಾ?” ಎಂದು ಕೇಳಿದರು. ನಾವು ಹೇಳಲಿಲ್ಲ.