ಸಿಲೋವದ ಗೋಪುರ, ಭದ್ರೆಯ ನೀರು



ಭದ್ರಾ ಡ್ಯಾಮು 186 ಅಡಿ ಮುಟ್ಟಿತೆಂದರೆ ದಾವಣಗೆರೆ ಕಡೆಯ ರೈತರಿಗೆ ಹಬ್ಬ; ಬಾಗಿನವೂ ಆಗುತ್ತದೆ. ಅದೇ ನೀರನ್ನು ಗೇಟು ಎತ್ತಿ ಬಿಟ್ಟಾಗ ನಮ್ಮ ಭದ್ರಾವತಿಯ ಹೊಸ ಸೇತುವೆ ಮುಳುಗುತ್ತದೆ, ಕವಲಗುಂದಿಯ ಮನೆಗಳಿಗೆ ಹೊಳೆ ನುಗ್ಗುತ್ತದೆ. ಹಾಗಾದರೆ ದೇವರು ದಾವಣಗೆರೆಯವರನ್ನು ಮೆಚ್ಚಿದ, ಕವಲಗುಂದಿಯವರ ಮೇಲೆ ಮುನಿದ ಅನ್ನೋಣವೇ? ನಿಮಗೆ ನಗು ಬರುತ್ತದೆ. ಆದರೆ 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ, 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ, 'ಪಾಪ ಜಾಸ್ತಿಯಾಯ್ತು, ಅದಕ್ಕೇ ಹೀಗೆ' ಅನ್ನುವ ಮಾತು ಚರ್ಚಿನ ಅಂಗಳಗಳಲ್ಲೂ ಕೇಳಿಬಂತು. ದೂರದವರ ಪಾಪ ನಮ್ಮ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ!

ಯೇಸುಸ್ವಾಮಿಯ ಕಾಲದಲ್ಲೂ ಇದೇ ಮಾತು ನಡೆದಿತ್ತು. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಅಪರಾಧಿಗಳೇನಲ್ಲ ಎಂದು ಸ್ವಾಮಿ ಖಂಡತುಂಡವಾಗಿ ಹೇಳಿದರು. ಲೂಕನ ಶುಭಸಂದೇಶದ 13ನೇ ಅಧ್ಯಾಯ, ಮನೆಗೆ ಹೋಗಿ ಓದಿ. ಸತ್ತವರ ಪಾಪದ ಲೆಕ್ಕ ತೆಗೆಯಲು ಸ್ವಾಮಿ ಒಪ್ಪಲಿಲ್ಲ. ಮನಸ್ಸು ಬದಲಿಸಿಕೊಳ್ಳಿ ಎಂದು ಅವರು ಹೇಳಿದ್ದು ಎದುರಿಗೆ ನಿಂತು ಕೇಳುತ್ತಿದ್ದವರಿಗೆ.

ಇನ್ನೊಂದು ಮಾತು, ಸ್ವಲ್ಪ ಕಹಿ. 2004ರ ಡಿಸೆಂಬರ್ 26 ಭಾನುವಾರ. ಕ್ರಿಸ್ಮಸ್ ಹಬ್ಬದ ಮರುದಿನ. ವೇಲಾಂಕಣಿಯ ಕಡಲ ದಂಡೆಯಲ್ಲಿ ಯಾತ್ರಿಕರು, ಅಂಗಡಿಯವರು ನೂರಾರು ಮಂದಿ ಸುನಾಮಿಗೆ ಬಲಿಯಾದರು. ಆ ನೀರು ಬಸಿಲಿಕದೊಳಗೆ ಬರಲಿಲ್ಲವೆಂದು ಇಂದಿಗೂ ಹೇಳುತ್ತೇವೆ. ಒಳಗಿದ್ದವರು ಉಳಿದದ್ದಕ್ಕೆ ವೇಲಾಂಕಣಿ ಮಾತೆಗೆ ಕೃತಜ್ಞತೆ ಹೇಳೋಣ. ಆದರೆ ದಂಡೆಯಲ್ಲಿ ಮಗುವನ್ನು ಕಳೆದುಕೊಂಡವಳ ಎದುರು ಅದನ್ನು ಪವಾಡವೆಂದು ಸಾರುವುದಕ್ಕೆ ನನಗಂತೂ ನಾಲಗೆ ಏಳುವುದಿಲ್ಲ. ಆ ತಾಯಿಯೂ ಹರಕೆ ಹೊತ್ತೇ ಬಂದಿರಬಹುದು.

ಹಾಗಾದರೆ ಕ್ರೈಸ್ತರು ಏನು ಮಾಡಬೇಕು? ಪ್ರೇಷಿತರ ಕಾರ್ಯಕಲಾಪಗಳ 11ನೇ ಅಧ್ಯಾಯ ನೋಡಿ. ಶಿಷ್ಯರನ್ನು ಮೊಟ್ಟಮೊದಲು 'ಕ್ರೈಸ್ತರು' ಎಂದು ಕರೆದದ್ದು ಅಂತಿಯೋಕ್ಯದಲ್ಲಿ. ಅದಾದ ಎರಡೇ ವಾಕ್ಯಗಳಲ್ಲಿ ಬರಗಾಲದ ಸುದ್ದಿ. ಯಾಕೆ ಬರ ಬಂತು ಎಂದು ಅವರು ಚರ್ಚೆಗೆ ಕೂರಲಿಲ್ಲ. ತಮ್ಮ ತಮ್ಮ ಶಕ್ತಿಯಂತೆ ಹಣ ಕೂಡಿಸಿ, ಬಾರ್ನಬ ಮತ್ತು ಸೌಲನ ಕೈಲಿ ಜುದೇಯಕ್ಕೆ ಕಳಿಸಿದರು. ಹೆಸರು ಬಂದ ಬೆನ್ನಿಗೇ ಕೆಲಸ ಬಂತು. ಅದೇ ಅಂತಿಯೋಕ್ಯ, ಇಂದಿನ ತುರ್ಕಿಯ ಅಂತಾಕ್ಯ, 2023ರ ಫೆಬ್ರುವರಿ 6ರ ಭೂಕಂಪದಲ್ಲಿ ನುಚ್ಚುನೂರಾಯಿತು. ಕೊಟ್ಟ ಊರೂ ಒಂದು ದಿನ ಕೈಚಾಚಬೇಕಾಯಿತು.

ಕೊಡುವ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ನೆರೆ ಬಂದಾಗ ನಮ್ಮ ಚರ್ಚುಗಳಿಗೆ ಬರುವ ಮೂಟೆಗಳನ್ನು ಬಿಚ್ಚಿ ನೋಡಿ: ಗುಂಡಿ ಕಿತ್ತ ಶರ್ಟು, ಅಂಚು ಹರಿದ ಸೀರೆ, ಒಂಟಿ ಕಾಲುಚೀಲ. ಬೀರು ಖಾಲಿಯಾಯಿತೇ ಹೊರತು ಅದು ದಾನವಾಗಲಿಲ್ಲ. ನೀರು ನುಗ್ಗಿದ ಮನೆಯ ಹೆಂಗಸರಿಗೆ ಬೇಕಾಗುವುದು ಹೊಸ ಒಳ ಉಡುಪು, ಪ್ಯಾಡು, ಒಣಗಿದ ಹೊದಿಕೆ, ಮಕ್ಕಳಿಗೆ ನೋಟ್‌ಬುಕ್ಕು. ಒದ್ದೆಯಾದ ರೇಷನ್ ಕಾರ್ಡು, ಆಧಾರು, ಪಾಸ್‌ಬುಕ್ಕುಗಳನ್ನು ಫ್ಯಾನಿನ ಕೆಳಗೆ ಒಂದೊಂದೇ ಹಾಳೆ ಬಿಡಿಸಿ ಒಣಗಿಸಿ, ಪರಿಹಾರದ ಅರ್ಜಿ ಬರೆದುಕೊಡುವವರು ಬೇಕು. ಕಾರ್ಖಾನೆಯ ಆಫೀಸುಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು ನಮ್ಮ ನ್ಯೂ ಟೌನ್‌ನಲ್ಲಿ ಎಷ್ಟು ಜನರಿಲ್ಲ! ಅರ್ಜಿ ಬರೆಯುವುದು ನಿಮಗೆ ನೀರು ಕುಡಿದಷ್ಟು ಸುಲಭ. ಬಂದವರು ಯಾವ ಧರ್ಮದವರೆಂದು ಮಾತ್ರ ಕೇಳಬೇಡಿ. ಅರ್ಜಿಯಲ್ಲಿ ಆ ಕಾಲಂ ಇದ್ದರೆ ಅವರೇ ಹೇಳುತ್ತಾರೆ.

ಬಲಿಪೂಜೆ ಮುಗಿದ ಮೇಲೆ ಯುವಕರು ಐದು ನಿಮಿಷ ನಿಲ್ಲಿ. ಮಳೆ ಜೋರಾಗುವ ಮೊದಲೇ, ಮನೆಗೆ ನೀರು ನುಗ್ಗಿದವರು ಬಂದು ತಂಗಬೇಕಾದ ನಮ್ಮ ಸಭಾಂಗಣದ ಶೌಚಾಲಯ ರಿಪೇರಿ ಆಗಬೇಕು, ಬೀಗದ ಕೈ ಯಾರ ಬಳಿ ಇರಬೇಕೆಂದು ತೀರ್ಮಾನವಾಗಬೇಕು. ಕಳೆದ ಬಾರಿಯ ಮೂಟೆಗಳನ್ನೂ ಇವತ್ತೇ ವಿಂಗಡಿಸೋಣ, ನಾನೂ ಬರುತ್ತೇನೆ.