ಕಾನಾ ಊರಿನ ಮದುವೆ ಮತ್ತು ನಮ್ಮ ಮದುವೆ ವಿಮೆ



ಮದುವೆ ನಿಶ್ಚಯವಾದ ಮನೆಗಳಲ್ಲಿ ಈಗ ಹೊಸದೊಂದು ಪ್ರಶ್ನೆ ಕೇಳಿಬರುತ್ತಿದೆ: "ಫಾದರ್, ಮದುವೆಗೂ ವಿಮೆ ಇದೆಯಂತೆ. ಮಾಡಿಸಿದರೆ ದೇವರ ಮೇಲೆ ಭರವಸೆ ಇಲ್ಲವೆಂದಾಗುವುದೇ?"

ಇಲ್ಲ. ಕಾನಾ ಊರಿನಲ್ಲಿ ದ್ರಾಕ್ಷಾರಸ ಮುಗಿದಾಗ ಮಾತೆ ಮರಿಯಮ್ಮನವರು ಅದನ್ನು ಲೌಕಿಕ ವಿಷಯವೆಂದು ಬಿಟ್ಟುಬಿಡಲಿಲ್ಲ, ಮಗನಿಗೆ ತಿಳಿಸಿದರು. ಯೇಸುಸ್ವಾಮಿ ಆ ಮನೆಯ ಮಾನ ಉಳಿಸಿದರು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಲೆಕ್ಕ ಹಾಕಬೇಕೆಂದು ಕಲಿಸಿದವರೂ ಅವರೇ. ಮುಂದಾಲೋಚನೆ ಪಾಪವಲ್ಲ, ವಿವೇಕವು ನಾಲ್ಕು ಮೂಲ ಸದ್ಗುಣಗಳಲ್ಲಿ ಒಂದು.

ಹೊಸೂರಿನ ಕಡೆಯವರಾದ ನಮಗೆ ಇದು ಗೊತ್ತಿರುವ ವಿಷಯ. ನಮ್ಮ ಬೀಗರು ಹೆಚ್ಚಾಗಿ ಗಡಿಯಾಚೆಯವರು. 2016ರ ಸೆಪ್ಟೆಂಬರಿನ ಕಾವೇರಿ ಗಲಾಟೆಯಲ್ಲಿ ಬಸ್ಸುಗಳು ನಿಂತು, ಮದುವೆಗೆ ಹೊರಟವರೂ ಅತ್ತಿಬೆಲೆ ಗಡಿಯನ್ನು ನಡೆದೇ ದಾಟಬೇಕಾಯಿತು. 2020ರಲ್ಲಿ ಕೊರೋನಾ ಬಂದು, ಮದುವೆಗೆ 50 ಜನ ಮಾತ್ರ ಎಂಬ ನಿಯಮವಾಯಿತು.

ಆದರೆ ಸಹಿ ಹಾಕುವ ಮೊದಲು ಪಾಲಿಸಿಯನ್ನು ಪೂರ್ತಿ ಓದಿ. ಬೆಂಕಿ, ಪ್ರವಾಹ, ಅಪಘಾತ, ಒಡವೆ ಕಳವು ಇಂಥವು ಸಾಮಾನ್ಯವಾಗಿ ಸೇರಿರುತ್ತವೆ. ಬಂದ್, ಮುಷ್ಕರ, ಸಾಂಕ್ರಾಮಿಕ ರೋಗಗಳನ್ನು ಹಲವು ಪಾಲಿಸಿಗಳು ಹೊರಗಿಡುತ್ತವೆ. ಕೊಟ್ಟ ಮುಂಗಡಕ್ಕೆಲ್ಲ ರಸೀದಿ ಇಟ್ಟುಕೊಳ್ಳಿ; ರಸೀದಿ ಇಲ್ಲದೆ ಪರಿಹಾರ ಕೇಳುವುದು ಕಷ್ಟ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಹುಡುಗನೋ ಹುಡುಗಿಯೋ ಮನಸ್ಸು ಬದಲಿಸಿ ಮದುವೆ ನಿಂತರೆ ವಿಮೆಯ ಹಣ ಬರುವುದಿಲ್ಲ. ಆಗಲೇ ನಮ್ಮ ಮನೆಗಳಲ್ಲಿ ಕೇಳಿಬರುವುದು: "ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ, ಪತ್ರಿಕೆ ಹಂಚಿಯಾಗಿದೆ, ಈಗ ಬೇಡವೆಂದರೆ ಹೇಗೆ?" ಪ್ರಿಯರೇ, ಬಲವಂತಕ್ಕೂ ಭಯಕ್ಕೂ ಮಣಿದು ಕೊಟ್ಟ ಒಪ್ಪಿಗೆಯಿಂದಾದ ಮದುವೆ ಸಿಂಧುವಲ್ಲ ಎನ್ನುತ್ತದೆ ಧರ್ಮಸಭೆಯ ಕಾನೂನು. ಪೀಠದ ಮುಂದೆ ಗುರುಗಳು ಮೊದಲು ಕೇಳುವುದೂ ಅದನ್ನೇ: ಸ್ವಂತ ಇಚ್ಛೆಯಿಂದ ಬಂದಿದ್ದೀರಾ? ಆ ಪ್ರಶ್ನೆಗೆ ಮಗಳು ಸತ್ಯ ಹೇಳಲಾಗದಷ್ಟು ಸಾಲವನ್ನು ನಾವು ಮಾಡಿದ್ದರೆ, ಆ ಖರ್ಚೇ ಬಲವಂತವಾಗುತ್ತದೆ.

ಆದ್ದರಿಂದ ಮೊದಲು ಖರ್ಚು ಇಳಿಸಿ, ಆಮೇಲೆ ವಿಮೆಯ ಯೋಚನೆ ಮಾಡಿ. ಸಂಸ್ಕಾರಕ್ಕೆ ಬೇಕಾದವರು ವಧೂವರರು, ಗುರುಗಳು, ಇಬ್ಬರು ಸಾಕ್ಷಿಗಳು. 50 ಜನರ ಮುಂದೆ ನಡೆದ ಆ ಮದುವೆಗಳಲ್ಲಿ ದೇವರ ಕೃಪೆ ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಕಳೆದುಹೋದರೂ ಮನೆ ಮುಳುಗದಷ್ಟೇ ಖರ್ಚು ಮಾಡುವವರಿಗೆ ವಿಮೆ ಬೇಕಾಗಲಿಕ್ಕಿಲ್ಲ. ಅದಕ್ಕಿಂತ ಹೆಚ್ಚು ಖರ್ಚು ತಪ್ಪದೆಂದಾದರೆ ಮಾಡಿಸಿ, ಸಂಕೋಚ ಬೇಡ.

ಈ ವಾರ ಮದುವೆಯ ಲೆಕ್ಕಕ್ಕೆ ಕೂರುವ ತಂದೆತಾಯಂದಿರು, ಪುಸ್ತಕ ಮುಚ್ಚುವ ಮುನ್ನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಮಾತು ಕೇಳಿ: "ನಿನಗೆ ಮನಸ್ಸಿದೆಯೇ? ಇಲ್ಲವೆಂದರೂ ನೀನು ನಮ್ಮ ಮಗುವೇ." ಈ ಭರವಸೆಯನ್ನು ಯಾವ ಕಂಪನಿಯೂ ಮಾರುವುದಿಲ್ಲ. ಅದನ್ನು ನೀವೇ ಕೊಡಬೇಕು.

ಕಾನಾ ಊರಿನ ಮದುವೆಗೆ ಬಂದ ಪ್ರಭು ನಿಮ್ಮ ಮನೆಗೂ ಬರಲಿ. ಆಮೆನ್.